ಲೂಸಿ ಲೆಟ್‌ಬಿ ಕೇಸು ಮತ್ತೆ ಕೋರ್ಟಿಗೆ ಹೋಗಬೇಕಾ? ಪರ – ವಿರೋಧ

ಇಂಗ್ಲೆಂಡಿನ ಚೆಸ್ಟರ್ ಊರಲ್ಲಿ ಕೌಂಟೆಸ್ ಆಫ್ ಚೆಸ್ಟರ್ ಅಂತ ಒಂದು ಆಸ್ಪತ್ರೆ. ಅಲ್ಲಿನ ನವಜಾತ ಶಿಶುಗಳ ವಾರ್ಡಿನಲ್ಲಿ ವರ್ಷಕ್ಕೆ ಎರಡೋ ಮೂರೋ ಸಾವು ಆಗುತ್ತಿದ್ದವು. 2015ರ ಜೂನ್‌ನಲ್ಲಿ ಎರಡೇ ವಾರದಲ್ಲಿ ಮೂರು ಕೂಸುಗಳು ತೀರಿಕೊಂಡವು. ಮುಂದಿನ ಒಂದು ವರ್ಷ ಸಾವು ನಿಲ್ಲಲಿಲ್ಲ. ವಾರ್ಡಿನ ಡಾಕ್ಟರುಗಳ ಅನುಮಾನ ಲೂಸಿ ಲೆಟ್‌ಬಿ ಎಂಬ ನರ್ಸ್ ಮೇಲೆ ಬಿತ್ತು. ಆಗ ಅವಳಿಗೆ ಇಪ್ಪತ್ತೈದು, ಇಪ್ಪತ್ತಾರು ವರ್ಷ. 2016ರ ಜುಲೈನಲ್ಲಿ ಅವಳನ್ನು ವಾರ್ಡಿನಿಂದ ತೆಗೆದು ಆಫೀಸ್ ಕೆಲಸಕ್ಕೆ ಹಾಕಿದರು. 2018ರಲ್ಲಿ ಪೊಲೀಸರು ಬಂಧಿಸಿದರು.

ಮ್ಯಾಂಚೆಸ್ಟರ್ ಕ್ರೌನ್ ಕೋರ್ಟಿನಲ್ಲಿ ಹತ್ತು ತಿಂಗಳು ವಿಚಾರಣೆ ನಡೆಯಿತು. 2023ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಏಳು ಶಿಶುಗಳ ಕೊಲೆ, ಆರು ಶಿಶುಗಳ ಕೊಲೆ ಯತ್ನ. 2024ರ ಜುಲೈನಲ್ಲಿ ಮರುವಿಚಾರಣೆ ನಡೆದು ಇನ್ನೊಂದು ಕೊಲೆ ಯತ್ನ ಸೇರಿತು. ಸಾಯುವ ತನಕ ಜೈಲು, ಬಿಡುಗಡೆ ಇಲ್ಲ. ಮೇಲ್ಮನವಿಗೆ ಅನುಮತಿ ಎರಡು ಸಲವೂ ಸಿಗಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 2025ರ ಫೆಬ್ರವರಿ 4ರಂದು ಲಂಡನ್ನಿನಲ್ಲಿ 14 ತಜ್ಞರ ತಂಡ ಪತ್ರಿಕಾಗೋಷ್ಠಿ ಕರೆದು, ತಮಗೆ ಈ ದಾಖಲೆಗಳಲ್ಲಿ ಒಂದೂ ಕೊಲೆ ಕಾಣಲಿಲ್ಲ ಎಂದಿತು. ಅದೇ ತಿಂಗಳು, ತಪ್ಪು ತೀರ್ಪುಗಳನ್ನು ಪರಿಶೀಲಿಸುವ ಕ್ರಿಮಿನಲ್ ಕೇಸಸ್ ರಿವ್ಯೂ ಕಮಿಷನ್ನಿಗೆ ಅರ್ಜಿ ಹೋಯಿತು. ಈ ಕಮಿಷನ್ ಕೇಸನ್ನು ಮೇಲ್ಮನವಿ ಕೋರ್ಟಿಗೆ ಮತ್ತೆ ಕಳಿಸಬೇಕಾ? ಇಬ್ಬರು ಬರೆದಿದ್ದಾರೆ.

ಪರ: ರಕ್ತವನ್ನು ಎರಡನೇ ಸಲ ಯಾರೂ ನೋಡಲಿಲ್ಲ

ಇಪ್ಪತ್ತೆರಡು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ತಾಲ್ಲೂಕು ಊರಿನ ಸಣ್ಣ ಲ್ಯಾಬು. ಒಮ್ಮೆ ಒಬ್ಬರು ಟೀಚರಮ್ಮ ಥೈರಾಯ್ಡ್ ಪರೀಕ್ಷೆಗೆ ಬಂದರು. ಟಿಎಸ್‌ಎಚ್ ವಿಪರೀತ ಜಾಸ್ತಿ ಬಂತು. ಆ ಅಂಕಿ ಇದ್ದವರಿಗೆ ಹಾಸಿಗೆಯಿಂದ ಏಳುವುದೇ ಕಷ್ಟ ಆಗಬೇಕು. ಈಯಮ್ಮ ನೋಡಿದರೆ ಸ್ಕೂಟರಿನಲ್ಲಿ ಬಂದು, ರಕ್ತ ಕೊಟ್ಟು, ಸಂತೆ ಮುಗಿಸಿ, ಸಂಜೆ ಚೀಲದ ತುಂಬ ತರಕಾರಿ ಹಿಡಿದುಕೊಂಡು ರಿಪೋರ್ಟ್ ಇಸಿದುಕೊಳ್ಳಲು ಬಂದರು. ನಾನು ಮತ್ತೆ ಮಾಡಿದೆ. ಅದೇ ಅಂಕಿ. ಮಷಿನ್ ಸರಿ ಇತ್ತು, ಕಂಟ್ರೋಲ್ ಸರಿ ಇತ್ತು. ಕೊನೆಗೆ ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಬೇರೆ ಕಂಪನಿಯ ಕಿಟ್. ನಾರ್ಮಲ್ ಅಂತ ಬಂತು. ಆಕೆಯ ರಕ್ತದಲ್ಲಿದ್ದ ಯಾವುದೋ ಆಂಟಿಬಾಡಿ ನಮ್ಮ ಕಿಟ್ಟಿಗೆ ಚಳ್ಳೆಹಣ್ಣು ತಿನ್ನಿಸಿತ್ತು.

ಲೆಟ್‌ಬಿ ಕೇಸಿನ ಇನ್ಸುಲಿನ್ ಭಾಗ ಓದಿದಾಗ ನನಗೆ ಮೊದಲು ನೆನಪಾದದ್ದು ಆ ತರಕಾರಿ ಚೀಲ.

ಕೋರ್ಟಿನಲ್ಲಿ ಮಕ್ಕಳಿಗೆ ಹೆಸರಿಲ್ಲ, ಅಕ್ಷರ ಮಾತ್ರ. 'ಎಫ್' ಅವಳಿಗಳಲ್ಲಿ ಒಂದು ಗಂಡುಮಗು. 2015ರ ಆಗಸ್ಟ್‌ನಲ್ಲಿ ಅದರ ಸಕ್ಕರೆ ದಿಢೀರನೆ ಇಳಿಯಿತು. ರಕ್ತ ಲಿವರ್‌ಪೂಲಿನ ಲ್ಯಾಬಿಗೆ ಹೋಯಿತು. ಇನ್ಸುಲಿನ್ ಲೀಟರಿಗೆ 4657 ಪಿಕೊಮೋಲ್. ಸಿ-ಪೆಪ್ಟೈಡ್ 169ಕ್ಕಿಂತ ಕಡಿಮೆ. 2016ರ ಏಪ್ರಿಲ್‌ನಲ್ಲಿ 'ಎಲ್' ಮಗುವಿನದು 1099 ಮತ್ತು 264.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವಾಗ ಒಂದೇ ದೊಡ್ಡ ಅಣು ಎರಡು ತುಂಡಾಗುತ್ತದೆ. ಒಂದು ಇನ್ಸುಲಿನ್, ಇನ್ನೊಂದು ಸಿ-ಪೆಪ್ಟೈಡ್. ಎರಡೂ ಸಮಸಮ ಹೊರಬರುತ್ತವೆ. ಇನ್ಸುಲಿನ್ ಕೆಲವೇ ನಿಮಿಷದಲ್ಲಿ ಕರಗುತ್ತದೆ, ಸಿ-ಪೆಪ್ಟೈಡ್ ಅದಕ್ಕಿಂತ ಎಷ್ಟೋ ಹೊತ್ತು ಉಳಿಯುತ್ತದೆ. ಹಾಗಾಗಿ ರಕ್ತದಲ್ಲಿ ಸಿ-ಪೆಪ್ಟೈಡೇ ಜಾಸ್ತಿ ಇರಬೇಕು. ಔಷಧಿ ಅಂಗಡಿಯ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ಲೆಕ್ಕ ಉಲ್ಟಾ ಬಂದರೆ ಯಾರೋ ಹೊರಗಿನಿಂದ ಚುಚ್ಚಿದ್ದಾರೆ ಎಂದು ಅರ್ಥ. ಪ್ರಾಸಿಕ್ಯೂಷನ್ ಹೇಳಿದ್ದು ಇದನ್ನೇ. ತರ್ಕದಲ್ಲಿ ತಪ್ಪಿಲ್ಲ, ಅಂಕಿ ಸರಿಯಾಗಿದ್ದರೆ.

ಅಂಕಿ ಬಂದದ್ದು ಇಮ್ಯುನೋ ಪರೀಕ್ಷೆಯಿಂದ. ಇನ್ಸುಲಿನ್ನಿಗೆ ಅಂಟಿಕೊಳ್ಳುವ ಆಂಟಿಬಾಡಿ ಬಿಟ್ಟು, ಎಷ್ಟು ಅಂಟಿತು ಅಂತ ಅಳೆಯುವ ವಿಧಾನ. ಅಂಟಿದ್ದು ಇನ್ಸುಲಿನ್ನೇನಾ ಅಂತ ಅದು ಕೇಳುವುದಿಲ್ಲ. ಆ ಲಿವರ್‌ಪೂಲ್ ಲ್ಯಾಬ್ ತನ್ನ ಸೂಚನೆಯಲ್ಲೇ ಬರೆದುಕೊಂಡಿತ್ತು: ಹೊರಗಿನ ಇನ್ಸುಲಿನ್ ಅನುಮಾನ ಇದ್ದರೆ ನಮಗೆ ತಿಳಿಸಿ, ಸ್ಯಾಂಪಲ್ಲನ್ನು ಬೇರೆ ಕಡೆ ಕಳಿಸಬೇಕು. ಗಿಲ್ಡ್‌ಫರ್ಡ್‌ನಲ್ಲಿ ಅದಕ್ಕೆಂದೇ ವಿಶೇಷ ಲ್ಯಾಬ್ ಇದೆ. ಎರಡೂ ಸ್ಯಾಂಪಲ್ ಅಲ್ಲಿಗೆ ಹೋಗಲಿಲ್ಲ. ಮಕ್ಕಳು ಚೇತರಿಸಿಕೊಂಡಿದ್ದವು, ವರದಿ ಫೈಲ್ ಸೇರಿತು. ವರ್ಷಗಳ ನಂತರ ಪೊಲೀಸರ ಪರವಾಗಿ ಫೈಲ್ ತೆಗೆದಾಗ ಅಂಕಿ ಇತ್ತು, ರಕ್ತ ಇರಲಿಲ್ಲ. ಟೀಚರಮ್ಮನ ಮಾತ್ರೆ ಶುರು ಮಾಡುವ ಮುಂಚೆ ನಾವು ಎರಡನೇ ಸಲ ನೋಡಿದೆವು. ಇಲ್ಲಿ ಒಬ್ಬಳನ್ನು ಸಾಯುವ ತನಕ ಜೈಲಿಗೆ ಹಾಕುವ ಮುಂಚೆ ನೋಡಲಿಲ್ಲ.

ಇನ್ನೊಂದು ವಿಷಯ. 'ಎಫ್' ಮಗುವಿನ ವಿಷಯದಲ್ಲಿ ಇನ್ಸುಲಿನ್ ಹಾಕಿದ್ದು ರಕ್ತನಾಳಕ್ಕೆ ಬಿಡುವ ಪೋಷಕಾಂಶದ ಚೀಲಕ್ಕೆ ಎಂದು ವಾದ. ರಾತ್ರಿ ಪಾಳಿಯಲ್ಲಿ ಲೆಟ್‌ಬಿ ಒಂದು ಚೀಲ ಹಾಕಿದ್ದಳು. ಬೆಳಗ್ಗೆ ಲೈನ್ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಲೈನ್, ಹೊಸ ಚೀಲ. ಆಗ ಅವಳು ಡ್ಯೂಟಿಯಲ್ಲಿಲ್ಲ. ಆದರೂ ಸಕ್ಕರೆ ಏರಲಿಲ್ಲ. ಹಾಗಾದರೆ ಮುಂದೆ ಯಾರೋ ತೆಗೆಯಲಿರುವ ಎರಡನೇ ಚೀಲಕ್ಕೂ ಮೊದಲೇ ಬೆರೆಸಿಟ್ಟಿದ್ದಳಾ? ಆಗಬಹುದು. ಇಷ್ಟೊಂದು 'ಆಗಬಹುದು'ಗಳನ್ನು ಪೋಣಿಸಬೇಕಾದರೆ ಮೊದಲ ಮಣಿಯಾದರೂ ಗಟ್ಟಿ ಇರಬೇಡವಾ?

ಅವಳೇ ಕಟಕಟೆಯಲ್ಲಿ ನಿಂತು "ಯಾರೋ ಇನ್ಸುಲಿನ್ ಕೊಟ್ಟಿದ್ದಾರೆ, ನಾನಲ್ಲ" ಎಂಬರ್ಥದಲ್ಲಿ ಒಪ್ಪಿಕೊಂಡಳಲ್ಲ ಎಂದು ಕೇಳುತ್ತಾರೆ. ಅವಳು ನರ್ಸ್, ಬಯೋಕೆಮಿಸ್ಟ್ ಅಲ್ಲ. ದೊಡ್ಡ ಪ್ರೊಫೆಸರು ಬಂದು ವರದಿ ಇದನ್ನೇ ಹೇಳುತ್ತದೆ ಎಂದರೆ ನಾನೂ ನೀವೂ ತಲೆ ಆಡಿಸುತ್ತೇವೆ.

ಇನ್ನು ಗಾಳಿಯ ವಿಷಯ. ರಕ್ತನಾಳಕ್ಕೆ ಗಾಳಿ ನುಗ್ಗಿಸಿ ಕೊಂದಳು ಅನ್ನುವುದು ಹಲವು ಮಕ್ಕಳ ಸಾವಿಗೆ ಕೊಟ್ಟ ಕಾರಣ. ಸಾವಾದ ಕಾಲದ ಮರಣೋತ್ತರ ಪರೀಕ್ಷೆಗಳಲ್ಲಿ ಒಂದೂ ಕೊಲೆ ಎಂದಿರಲಿಲ್ಲ. 'ಡಿ' ಮಗುವಿನದು ನ್ಯುಮೋನಿಯಾ ಎಂದೇ ಬರೆದಿತ್ತು. 'ಇ' ಮಗುವಿಗೆ ಮರಣೋತ್ತರ ಪರೀಕ್ಷೆಯೇ ಆಗಿರಲಿಲ್ಲ. ಆಮೇಲೆ ಆಧಾರವಾಗಿ ಬಂದದ್ದರಲ್ಲಿ ಒಂದು, ಚರ್ಮದ ಮೇಲೆ ಓಡಾಡುತ್ತಿದ್ದ ವಿಚಿತ್ರ ಗುಲಾಬಿ ಕಲೆಗಳ ನೆನಪು. ಇದರ ಬೇರು ಕೆನಡಾದ ಶೂ ಲೀ ಎಂಬ ಶಿಶುವೈದ್ಯರು ಸಹಲೇಖಕರಾಗಿ 1989ರಲ್ಲಿ ಬರೆದ ಪ್ರಬಂಧ. ವಾರ್ಡಿನ ಡಾ. ರವಿ ಜಯರಾಮ್ 2016ರಲ್ಲಿ ಅದನ್ನು ಹುಡುಕಿ ಓದಿ, ಮೈ ತಣ್ಣಗಾಯಿತು ಎಂದಿದ್ದರು. ಆದರೆ 'ಎ' ಮಗು ತೀರಿಕೊಂಡಾಗ ಅವರೇ ಬರೆದ ಟಿಪ್ಪಣಿಯಲ್ಲಿ ಆ ಕಲೆಗಳ ವರ್ಣನೆ ಇರಲಿಲ್ಲ. ಅವರು ಸುಳ್ಳು ಹೇಳಿದರು ಅನ್ನುವುದಿಲ್ಲ. ಓದಿದ ಮೇಲೆ ನೆನಪಿಗೆ ಬಣ್ಣ ಏರುವುದುಂಟು.

ಮುಖ್ಯ ವಿಷಯ, ಆ ಪ್ರಬಂಧ ಬರೆದ ಲೀ ಅವರನ್ನು ಮೊದಲ ವಿಚಾರಣೆಯಲ್ಲಿ ಯಾರೂ ಕರೆಯಲಿಲ್ಲ. ಶಿಕ್ಷೆಯಾದ ಮೇಲೆ ಅವರಿಗೆ ವಿಷಯ ಗೊತ್ತಾಗಿ, 2024ರ ಏಪ್ರಿಲ್‌ನಲ್ಲಿ ವಿಡಿಯೋ ಮೂಲಕ ಮೇಲ್ಮನವಿ ಕೋರ್ಟಿಗೆ ಹೇಳಿದರು: ನಾನು ಹೇಳಿದ್ದ ಗುರುತು ನೀಲಿಗಟ್ಟಿದ ಚರ್ಮದ ಮೇಲೆ ಎದ್ದು ಕಾಣುವ ಗುಲಾಬಿ ರಕ್ತನಾಳ, ಈ ಮಕ್ಕಳ ವರ್ಣನೆ ಅದಕ್ಕೆ ಹೊಂದುವುದಿಲ್ಲ. ಕೋರ್ಟು, ಇದನ್ನು ಆಗಲೇ ತರಬಹುದಿತ್ತು ಎಂದಿತು. ಇದು ನನಗೆ ಜೀರ್ಣವಾಗದ ಮಾತು. ಪುಸ್ತಕ ಬರೆದವನೇ ಬಂದು ನೀವು ತಪ್ಪು ಓದಿದ್ದೀರಿ ಎಂದರೆ, ಲೇಟಾಗಿ ಬಂದಿರಿ ಹೋಗಿ ಅನ್ನುವುದಾ?

ಆಮೇಲೆ ಲೀ ಅವರೇ ಬೇರೆ ಬೇರೆ ದೇಶದ ತಜ್ಞರನ್ನು ಸೇರಿಸಿ ಫೈಲುಗಳನ್ನು ಓದಿಸಿದರು. 'ಎ'ಗೆ ರಕ್ತ ಹೆಪ್ಪುಗಟ್ಟಿದ್ದು, ತಾಯಿಗೂ ಹೆಪ್ಪುಗಟ್ಟುವ ಕಾಯಿಲೆ ಇತ್ತು. 'ಡಿ'ಗೆ ಸೋಂಕು. ಹೀಗೆ ಒಂದೊಂದಕ್ಕೂ ಬೇರೆ ಕಾರಣ ಕೊಟ್ಟಿದ್ದಾರೆ. ಎಲ್ಲವೂ ಸರಿ ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ಆದರೆ ಇಂಥವರು ಹದಿನಾಲ್ಕು ಜನ ಸಂಬಳವಿಲ್ಲದೆ ಓದಿ, ಒಂದೂ ಕೊಲೆ ಕಾಣಲಿಲ್ಲ ಎಂದಾಗ ಕೇಳುವ ಕಿವಿಯಾದರೂ ಇರಬೇಕು.

ಪ್ರಾಸಿಕ್ಯೂಷನ್ ಕೋರ್ಟಿನಲ್ಲಿ ತೋರಿಸಿದ ಪಾಳಿ ಚಾರ್ಟ್ ಬಗ್ಗೆ ಎಲ್ಲರೂ ಕೇಳಿರುತ್ತೀರಿ. 25 ಅನುಮಾನದ ಘಟನೆ, 38 ನರ್ಸ್‌ಗಳು, ಎಲ್ಲ 25ರಲ್ಲೂ ಒಬ್ಬಳ ಹೆಸರಿನ ಮುಂದೆ ಗುರುತು. ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆದರೆ ಯಾವ ಘಟನೆ 'ಅನುಮಾನದ್ದು' ಎಂದು ಆರಿಸಿದ್ದು ಹೇಗೆ? ಅವಳಿಲ್ಲದ ಪಾಳಿಯಲ್ಲೂ ಮಕ್ಕಳು ಕುಸಿದಿದ್ದವು. ಅವು ಚಾರ್ಟಿನಲ್ಲಿಲ್ಲ. ಉತ್ತರ ಮೊದಲು ಬರೆದು ಆಮೇಲೆ ಲೆಕ್ಕ ಹಾಕಿದ ಹುಡುಗನ ನೋಟ್‌ಬುಕ್ಕಿನ ಹಾಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇಲ್ಲಿ ಕಾಗೆ ಕೂತಾಗ ಮುರಿದ ಕೊಂಬೆಗಳನ್ನು ಮಾತ್ರ ಎಣಿಸಿದ್ದಾರೆ. 'ಸಿ' ಮಗುವಿನ ಹೊಟ್ಟೆಯಲ್ಲಿ ಗಾಳಿ ತುಂಬಿದ್ದ ಎಕ್ಸ್‌ರೇ ಇತ್ತು. ಆ ಎಕ್ಸ್‌ರೇ ತೆಗೆದದ್ದು ಜೂನ್ 12ರಂದು. ಮಗು ಹುಟ್ಟಿದಾಗಿನಿಂದ ಅಲ್ಲಿಯವರೆಗೆ ಅವಳು ಕೆಲಸಕ್ಕೇ ಬಂದಿರಲಿಲ್ಲ. ಅವಳನ್ನು ತೆಗೆದ ಮೇಲೆ ಸಾವು ನಿಂತಿತಲ್ಲ ಅನ್ನುತ್ತಾರೆ. ಅದೇ ಜುಲೈನಲ್ಲಿ ವಾರ್ಡಿನ ದರ್ಜೆಯನ್ನೂ ಇಳಿಸಿ, 32 ವಾರಕ್ಕಿಂತ ಮೊದಲು ಹುಟ್ಟುವ ಕೂಸುಗಳನ್ನು ಬೇರೆ ಕಡೆ ಕಳಿಸತೊಡಗಿದ್ದರು. ಅದನ್ನೂ ಜೊತೆಗೆ ಹೇಳಬೇಕಲ್ವಾ?

ಇಂಥದ್ದು ಮೊದಲೂ ಆಗಿದೆ. ನೆದರ್‌ಲ್ಯಾಂಡ್ಸಿನ ನರ್ಸ್ ಲೂಸಿಯಾ ಡೆ ಬರ್ಕ್‌ಗೆ 2003ರಲ್ಲಿ ಜೀವಾವಧಿ ಆಯಿತು. ಅಲ್ಲೂ ಪಾಳಿ ಲೆಕ್ಕ ಇತ್ತು, ಆಕಸ್ಮಿಕವಾಗಿ ಹೀಗಾಗುವ ಸಾಧ್ಯತೆ 34 ಕೋಟಿಯಲ್ಲಿ ಒಂದು ಎಂದಿದ್ದರು. ಅಲ್ಲೂ ಒಂದು ಮಗುವಿನ ರಕ್ತದಲ್ಲಿ ಡಿಗಾಕ್ಸಿನ್ ಎಂಬ ಹೃದಯದ ಔಷಧಿ ಸಿಕ್ಕಿತು ಎಂದಿದ್ದರು. ಆ ಲೆಕ್ಕವೂ ತಪ್ಪು, ಆ ವಿಷದ ಕಥೆಯೂ ನಿಲ್ಲಲಿಲ್ಲ. 2010ರಲ್ಲಿ ನಿರ್ದೋಷಿ ಎಂದು ಬಿಟ್ಟರು. ಇಂಗ್ಲೆಂಡಿನಲ್ಲೇ ಸ್ಯಾಲಿ ಕ್ಲಾರ್ಕ್ ಎಂಬ ತಾಯಿ ತನ್ನ ಎರಡು ಕೂಸುಗಳನ್ನು ಕೊಂದಳೆಂದು 1999ರಲ್ಲಿ ಜೈಲಿಗೆ ಹೋದಳು. ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು ಎಂದು ಆಗಲೂ ಒಬ್ಬ ತಜ್ಞರು ಹೇಳಿದ್ದರು. ಮಗುವಿನ ಸೋಂಕಿನ ವರದಿಯನ್ನು ಇನ್ನೊಬ್ಬರು ಮುಂದಿಡಲಿಲ್ಲ. 2003ರಲ್ಲಿ ಹೊರಬಂದಳು, 2007ರಲ್ಲಿ ತೀರಿಕೊಂಡಳು.

ಲೆಟ್‌ಬಿ ಮನೆಯಲ್ಲಿ ಸಿಕ್ಕ ಚೀಟಿಯನ್ನು ಎಲ್ಲ ಪತ್ರಿಕೆಗಳೂ ಮುಖಪುಟಕ್ಕೆ ಹಾಕಿದವು. ನಾನು ಕೆಟ್ಟವಳು, ನಾನೇ ಮಾಡಿದೆ ಎಂಬ ಸಾಲು ಅದರಲ್ಲಿದೆ. ನಾನೇನೂ ತಪ್ಪು ಮಾಡಿಲ್ಲ, ನನಗೇ ಯಾಕೆ ಎಂದೂ ಅದರಲ್ಲೇ ಇದೆ. ಕೆಲಸದಿಂದ ತೆಗೆದು, ಕೊಲೆಗಾತಿ ಎಂಬ ಗುಸುಗುಸು ಕೇಳುತ್ತಾ ಕೂತ ಹುಡುಗಿ ಗೀಚಿದ ಕಾಗದ ಅದು. ಎರಡು ಸಾಲು ಆರಿಸಿ ಓದಿದರೆ ತಪ್ಪೊಪ್ಪಿಗೆ, ಪೂರ್ತಿ ಓದಿದರೆ ಒದ್ದಾಟ.

ವಿಚಾರಣೆಯಲ್ಲಿ ಅವಳ ಕಡೆಯಿಂದ ಅವಳನ್ನು ಬಿಟ್ಟರೆ ಬಂದ ಸಾಕ್ಷಿ ಒಬ್ಬರೇ, ಆಸ್ಪತ್ರೆಯ ಪ್ಲಂಬರ್. ಚರಂಡಿ ನೀರು ಉಕ್ಕುತ್ತಿದ್ದುದನ್ನು ಹೇಳಿ ಹೋದರು. ಒಬ್ಬ ತಜ್ಞರೂ ಇಲ್ಲ. ಯಾಕೆ ಅನ್ನುವುದು ವಕೀಲರಿಗೂ ಅವಳಿಗೂ ಬಿಟ್ಟದ್ದು. ನನ್ನ ಮಾತು ಇಷ್ಟೆ: ತೀರ್ಪು ಹೇಳಿದ ಜನಸಾಮಾನ್ಯರ ಜ್ಯೂರಿ ಆ ಇನ್ಸುಲಿನ್ ಅಂಕಿಯ ಬಗ್ಗೆ ಒಂದೇ ಕಡೆಯವರಿಂದ ಕೇಳಿತು. ಕಮಿಷನ್ನಿನ ಅಳತೆಗೋಲು ನಿರ್ದೋಷಿ ಎಂದು ಸಾಬೀತಾಗಬೇಕು ಅನ್ನುವುದಲ್ಲ. ತೀರ್ಪು ನಿಲ್ಲದೆ ಹೋಗುವ ನಿಜವಾದ ಸಾಧ್ಯತೆ ಇದ್ದರೆ ಸಾಕು. ಇದೇ ಕಮಿಷನ್ ಆಂಡ್ರ್ಯೂ ಮಾಲ್ಕಿನ್‌ಸನ್ ಎಂಬಾತನ ಅರ್ಜಿಯನ್ನು ಎರಡು ಸಲ ತಳ್ಳಿಹಾಕಿತ್ತು. ಮಾಡದ ತಪ್ಪಿಗೆ ಅವನು 17 ವರ್ಷ ಒಳಗಿದ್ದ. ಗಿಲ್ಡ್‌ಫರ್ಡ್‌ಗೆ ಹೋಗದ ಆ ಎರಡು ಸ್ಯಾಂಪಲ್ ಬಗ್ಗೆ ಮೂವರು ನ್ಯಾಯಾಧೀಶರು ಕೂತು ಎರಡೂ ಕಡೆಯ ತಜ್ಞರನ್ನು ಪ್ರಶ್ನಿಸಲಿ.

ವಿರೋಧ: ತಾಯಿ ಹಾಲು ತಂದ ಹೊತ್ತು

ನನ್ನ ಅಕ್ಕನ ಮಗು 29 ವಾರಕ್ಕೇ ಹುಟ್ಟಿತು. ಐದು ವಾರ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹೊರಗಿನ ಬೆಂಚಿನ ಮೇಲೆ ನಾವು ಪಾಳಿ ಹಾಕಿಕೊಂಡು ಕೂತಿದ್ದೆವು. ಅಕ್ಕ ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಸ್ಟೀಲ್ ಬಟ್ಟಲಲ್ಲಿ ತರುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೌನ್ ಹಾಕಿಕೊಂಡು, ಮೊಣಕೈವರೆಗೆ ಕೈ ತೊಳೆದು ಒಳಗೆ ಹೋಗುವಳು. ಈಗ ಆ ಹುಡುಗ ಎರಡನೇ ಕ್ಲಾಸು. ಇವತ್ತಿಗೂ ಕೇಳಿ, ಯಾವ ದಿನ ಎಷ್ಟು ಎಂಎಲ್ ಕುಡಿದ, ಯಾವ ರಾತ್ರಿ ಎಷ್ಟು ಗಂಟೆಗೆ ಮಾನಿಟರ್ ಕೂಗಿತು, ಎಲ್ಲ ಹೇಳುತ್ತಾಳೆ. ಅಂಥ ವಾರ್ಡಿನಲ್ಲಿ ತಾಯಂದಿರಿಗೆ ಹೊತ್ತು ಮರೆಯುವುದಿಲ್ಲ.

'ಇ' ಮತ್ತು 'ಎಫ್' ಅವಳಿಗಳ ತಾಯಿಯ ಮಾತು ಓದುವಾಗ ನನಗೆ ಅಕ್ಕನೇ ಕಂಡಳು. 2015ರ ಆಗಸ್ಟ್ ಮೊದಲ ವಾರ. ರಾತ್ರಿ ಒಂಬತ್ತರ ಹೊತ್ತಿಗೆ ಆಕೆ ಹಾಲು ತೆಗೆದುಕೊಂಡು ಕೆಳಗಿಳಿದು ಬಂದರು. 'ಇ' ಅಳುತ್ತಿತ್ತು. ಸಾಮಾನ್ಯ ಅಳುವಲ್ಲ, ಚೀರಾಟ. ಬಾಯಿಯ ಸುತ್ತ ರಕ್ತ. ಪಕ್ಕದಲ್ಲಿ ಲೆಟ್‌ಬಿ. ಟ್ಯೂಬ್ ಉಜ್ಜಿ ಹೀಗಾಗಿದೆ, ಡಾಕ್ಟರ್ ಬರುತ್ತಾರೆ, ನೀವು ಹೋಗಿ ಎಂದಳು. ತಾಯಿ ಮೇಲೆ ಹೋಗಿ ಗಂಡನಿಗೆ ಫೋನ್ ಮಾಡಿದರು. ಫೋನ್ ದಾಖಲೆ ಇದೆ: 9.11. ಲೆಟ್‌ಬಿ ಬರೆದ ಟಿಪ್ಪಣಿಯಲ್ಲಿ ರಕ್ತದ ಮಾತು ಬರುವುದು ಹತ್ತು ಗಂಟೆ ಹೊತ್ತಿಗೆ. ಮಗು ಅದೇ ರಾತ್ರಿ ತೀರಿಕೊಂಡಿತು.

ಪರ ಬರೆದವರು ಈ ಮಗುವಿಗೆ ಮರಣೋತ್ತರ ಪರೀಕ್ಷೆಯೇ ಆಗಿಲ್ಲ ಎಂದರು. ಹೌದು, ಆಗಿಲ್ಲ. ಆದರೆ ತಾಯಿಯ 9.11ರ ಕರೆಗೆ ಎದುರಾಗಿ ಯಾವ ತಜ್ಞರ ಪ್ರಬಂಧ ತರುತ್ತೀರಿ? 1989ರದ್ದಾ, 2025ರದ್ದಾ? ಇಡೀ ಕೇಸು ವೈದ್ಯಕೀಯ ಸಾಕ್ಷ್ಯದ ಮೇಲೇ ನಿಂತಿದೆ ಎಂದು ಈಗ ಎಲ್ಲರೂ ಮಾತಾಡುತ್ತಿದ್ದಾರೆ. ಹತ್ತು ತಿಂಗಳ ವಿಚಾರಣೆಯಲ್ಲಿ ಜ್ಯೂರಿ ಬರೀ ಇನ್ಸುಲಿನ್ ಅಂಕಿ ನೋಡಿಕೊಂಡು ಕೂತಿರಲಿಲ್ಲ. ತಾಯಂದಿರನ್ನು, ಅಪ್ಪಂದಿರನ್ನು, ಜೊತೆ ಕೆಲಸ ಮಾಡಿದ ನರ್ಸ್‌ಗಳನ್ನು, ಡಾಕ್ಟರುಗಳನ್ನು ಕೇಳಿತು. ಎಷ್ಟೋ ದಿನ ಲೆಟ್‌ಬಿಯ ಮಾತನ್ನೂ ಕೇಳಿತು. ಅವಳ ಮುಖ ನೋಡಿತು. ನಾವು ನೋಡಿಲ್ಲ. ನಮ್ಮಲ್ಲಿ ಜ್ಯೂರಿ ಪದ್ಧತಿ ಹೋಗಿ ದಶಕಗಳೇ ಆದವು, ಅದಕ್ಕೇ ನಮಗೆ ಆ ಹನ್ನೆರಡು ಜನರ ಕೆಲಸ ಹಗುರವಾಗಿ ಕಾಣುತ್ತದೋ ಏನೋ.

ಆ ಜ್ಯೂರಿ ಚಾರ್ಟಿಗೆ ಮರುಳಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮರುಳಾಗಿದ್ದರೆ ಎಲ್ಲದಕ್ಕೂ 'ತಪ್ಪಿತಸ್ಥೆ' ಎಂದುಬಿಡುತ್ತಿತ್ತು. ಎರಡು ಆರೋಪಗಳಲ್ಲಿ ಬಿಟ್ಟಿತು. ಆರರಲ್ಲಿ ಒಮ್ಮತಕ್ಕೇ ಬರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ದಿನ ಕೂತು ಒಂದೊಂದನ್ನೂ ಬೇರೆ ಬೇರೆ ತೂಗಿದೆ. ಕೊನೆಗೆ ಉಳಿದ ಹನ್ನೊಂದು ಜನರಲ್ಲಿ ಕೆಲವು ತೀರ್ಪುಗಳಿಗೆ ಹತ್ತೇ ಜನ ಒಪ್ಪಿದ್ದರು. ಎಲ್ಲರೂ ಒಪ್ಪಿದ ತೀರ್ಪುಗಳಲ್ಲಿ 'ಎಫ್', 'ಎಲ್' ಸೇರಿವೆ. ಅಂದರೆ ಇವತ್ತು ಎಲ್ಲಕ್ಕಿಂತ ಜಾಸ್ತಿ ಪ್ರಶ್ನೆ ಎದ್ದಿರುವ ಆ ಇನ್ಸುಲಿನ್ ಕೇಸುಗಳೇ. ಪ್ರಾಸಿಕ್ಯೂಷನ್ನಿನ ಮುಖ್ಯ ತಜ್ಞ ಡ್ಯೂಯಿ ಇವಾನ್ಸ್ ಅವರ ವರದಿಯನ್ನು ಬೇರೊಂದು ಕೇಸಿನಲ್ಲಿ ನ್ಯಾಯಾಧೀಶರು ತೀರಾ ಕಟುವಾಗಿ ಟೀಕಿಸಿದ್ದರು. ಅದೂ ಜ್ಯೂರಿಗೆ ಗೊತ್ತಾಗಿತ್ತು. ಲೆಟ್‌ಬಿ ಪರ ವಕೀಲ ಬೆನ್ ಮೈಯರ್ಸ್ ಅವರನ್ನು ದಿನಗಟ್ಟಲೆ ಜಾಲಾಡಿದರು. ಮುಚ್ಚಿಟ್ಟದ್ದೇನೂ ಇರಲಿಲ್ಲ.

ಇನ್ಸುಲಿನ್ ವಿಷಯಕ್ಕೇ ಬರೋಣ. ಟೀಚರಮ್ಮನ ಕಥೆ ಚೆನ್ನಾಗಿದೆ, ನನಗೂ ಹಿಡಿಸಿತು. ಆದರೆ ಟೀಚರಮ್ಮ ತರಕಾರಿ ಚೀಲ ಹಿಡಿದು ಬಂದಿದ್ದರು. ಅವರಿಗೆ ಕಾಯಿಲೆಯ ಲಕ್ಷಣವೇ ಇರಲಿಲ್ಲ, ಅಂಕಿ ಮಾತ್ರ ಇತ್ತು. 'ಎಫ್' ಮಗುವಿನ ಸಕ್ಕರೆ 0.8ಕ್ಕೆ ಬಿದ್ದಿತ್ತು. ನಮ್ಮ ಗ್ಲುಕೋಮೀಟರ್ ಲೆಕ್ಕದಲ್ಲಿ ಸುಮಾರು 14. ನಮ್ಮನೆ ಅಜ್ಜಿಗೆ 60ಕ್ಕೆ ಇಳಿದರೆ ಮನೆಯೆಲ್ಲ ಬೆಲ್ಲ ಹುಡುಕುತ್ತಾ ಓಡಾಡುತ್ತೇವೆ. ಗ್ಲುಕೋಸ್ ಕೊಡುತ್ತಿದ್ದರೂ ಆ ಕೂಸಿನ ಸಕ್ಕರೆ ಗಂಟೆಗಟ್ಟಲೆ ಮೇಲೇಳಲಿಲ್ಲ. ಎದೆಬಡಿತ ಏರಿತ್ತು. ಪೋಷಕಾಂಶದ ಚೀಲ ನಿಲ್ಲಿಸಿದ ಮೇಲೆ ಸರಿಹೋಯಿತು. ಲಕ್ಷಣ ಒಂದು ಕಡೆ, ಅಂಕಿ ಇನ್ನೊಂದು ಕಡೆ ಹೇಳಿದರೆ ಮಷಿನ್ ಮೇಲೆ ಅನುಮಾನ ಪಡಬಹುದು. ಇಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ಅಪರೂಪದ ಆಂಟಿಬಾಡಿಯೊಂದು ಒಂದೇ ಸಣ್ಣ ವಾರ್ಡಿನಲ್ಲಿ, ಸುಮಾರು ಎಂಟು ತಿಂಗಳ ಅಂತರದಲ್ಲಿ, ಸಕ್ಕರೆ ಕುಸಿದ ಎರಡು ಕೂಸುಗಳಲ್ಲೇ ಕಾಣಿಸಿಕೊಳ್ಳಬೇಕಾ?

ಮತ್ತೆ, ಆ ಒಪ್ಪಿಗೆ. ಅವಳು ಬಯೋಕೆಮಿಸ್ಟ್ ಅಲ್ಲ ನಿಜ. ಆದರೆ ಅವಳ ಹಿಂದೆ ಅನುಭವಿ ವಕೀಲರ ತಂಡ ಇತ್ತು. ಮೈಕ್ ಹಾಲ್ ಎಂಬ ನವಜಾತ ಶಿಶು ತಜ್ಞರನ್ನು ಗೊತ್ತುಮಾಡಿ ಇಟ್ಟುಕೊಂಡಿದ್ದರು. ಅವರನ್ನು ಕಟಕಟೆಗೆ ಕರೆಯಲಿಲ್ಲ. ಕರೆಯದೇ ಇದ್ದದ್ದು ಮರೆವಿನಿಂದಲ್ಲ, ಯೋಚಿಸಿಯೇ. ಕರೆದರೆ ಎದುರು ವಕೀಲರು ಪಾಟೀ ಸವಾಲು ಹಾಕುತ್ತಾರೆ, ಬೇಡದ ಮಾತೂ ಹೊರಬರುತ್ತದೆ. ಅಲ್ಲಿ ಆಡದ ಆಟವನ್ನು ಸೋತ ಮೇಲೆ ಹೊರಗೆ ಪತ್ರಿಕಾಗೋಷ್ಠಿಯಲ್ಲಿ ಆಡುತ್ತೇವೆ ಅಂದರೆ? ಊರ ಪಂಚಾಯ್ತಿಯಲ್ಲೂ ಇದು ನಡೆಯುವುದಿಲ್ಲ.

ಹದಿನಾಲ್ಕು ತಜ್ಞರು ದೊಡ್ಡವರೇ, ಅನುಮಾನವಿಲ್ಲ. ಅವರನ್ನು ಯಾರೂ ಇನ್ನೂ ಎದುರು ನಿಂತು ಪ್ರಶ್ನಿಸಿಲ್ಲ. 'ಓ' ಮಗುವಿನ ಯಕೃತ್ತಿನ ಗಾಯ ತೆಗೆದುಕೊಳ್ಳಿ. ಕೋರ್ಟಿನಲ್ಲಿ ಪೆಥಾಲಜಿಸ್ಟ್ ಇದು ಭಾರೀ ಪೆಟ್ಟಿನ ಗಾಯ, ವಾಹನ ಅಪಘಾತದಲ್ಲಿ ಆಗುವಂಥದ್ದು ಎಂದಿದ್ದರು. 2024ರ ಡಿಸೆಂಬರಿನಲ್ಲಿ ಲೆಟ್‌ಬಿ ಕಡೆಯವರು ಅದು ಡಾಕ್ಟರ್ ಚುಚ್ಚಿದ ಸೂಜಿಯಿಂದ ಎಂದರು. ಎರಡು ತಿಂಗಳು ಕಳೆಯುವುದರೊಳಗೆ ತಜ್ಞರ ತಂಡ ಬಂದು ಮುಖ್ಯ ಕಾರಣ ಹೆರಿಗೆಯಲ್ಲಿ ಬಿದ್ದ ಪೆಟ್ಟು, ಸೂಜಿಯೂ ತಾಗಿರಬಹುದು ಎಂದಿತು. ಕೋರ್ಟಿನೊಳಗೆ ಪ್ರಾಸಿಕ್ಯೂಷನ್ ತಜ್ಞರು ಹೀಗೆ ಮಾತು ಬದಲಿಸಿದ್ದರೆ ಇವರು ಸುಮ್ಮನೆ ಬಿಡುತ್ತಿದ್ದರಾ? 'ಎ' ಮಗುವಿನ ತಾಯಿಯ ಹೆಪ್ಪುಗಟ್ಟುವ ಕಾಯಿಲೆಯೂ ಹೊಸದಲ್ಲ. ರಕ್ತದ ತಜ್ಞೆಯೊಬ್ಬರು ವಿಚಾರಣೆಯಲ್ಲೇ ಅದನ್ನು ನೋಡಿ, ಸಾವಿಗೆ ಸಂಬಂಧವಿಲ್ಲ ಎಂದಿದ್ದರು. ಲೀ ಅವರ ಮಾತನ್ನೂ ಮೂವರು ನ್ಯಾಯಾಧೀಶರು ಕೇಳಿದರು. ಲೇಟಾಯಿತು ಎಂದಷ್ಟೇ ಹೇಳಿ ಕಳಿಸಲಿಲ್ಲ. ಚರ್ಮದ ಕಲೆಯೊಂದನ್ನೇ ಹಿಡಿದು ಗಾಳಿ ಹೋಗಿದೆ ಎಂದು ಪ್ರಾಸಿಕ್ಯೂಷನ್ನಿನ ಯಾವ ತಜ್ಞರೂ ಹೇಳಿರಲಿಲ್ಲ, ಅದು ಹಲವು ಅಂಶಗಳಲ್ಲಿ ಒಂದು ಎಂದೂ ಬರೆದರು.

ಕಾಗೆ ಮತ್ತು ಕೊಂಬೆಯ ಗಾದೆ ನನಗೂ ಇಷ್ಟ. ಒಂದು ಸಲ, ಎರಡು ಸಲ ಆದರೆ ಒಪ್ಪುತ್ತೇನೆ. 2016ರ ಜೂನ್ 23ಕ್ಕೆ ತ್ರಿವಳಿಗಳಲ್ಲಿ ಒಂದು, 24ಕ್ಕೆ ಇನ್ನೊಂದು. ರಜೆ ಮುಗಿಸಿ ಆಗಷ್ಟೇ ಬಂದಿದ್ದ ಅದೇ ನರ್ಸ್. ಡಾಕ್ಟರುಗಳು ಚಾರ್ಟ್ ನೋಡಿ ಅನುಮಾನ ಪಟ್ಟವರಲ್ಲ. ಚಾರ್ಟ್ ಬರುವುದಕ್ಕೆ ವರ್ಷಗಳ ಮೊದಲೇ, ಆಸ್ಪತ್ರೆಯ ಆಡಳಿತದವರು ಅವಳ ಕ್ಷಮೆ ಕೇಳಿ ಎಂದು ಒತ್ತಾಯಿಸಿದಾಗಲೂ ಅವರು ಅನುಮಾನ ಬಿಡಲಿಲ್ಲ. ಅವಳ ಮನೆಯಲ್ಲಿ ರೋಗಿಗಳ ವಿವರ ಇರುವ 257 ಹ್ಯಾಂಡೋವರ್ ಕಾಗದ (ಪಾಳಿ ಬದಲಾಗುವಾಗ ನರ್ಸ್‌ಗಳಿಗೆ ಕೊಡುವ ಹಾಳೆ) ಸಿಕ್ಕವು. ಸತ್ತ ಮಕ್ಕಳ ತಂದೆತಾಯಿಯನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದ್ದಳು. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಇದೆ, ನಿಜ. ಸಮಜಾಯಿಷಿಗಳ ರಾಶಿಯೂ ಒಂದು ಸಾಕ್ಷ್ಯವೇ.

ನರ್ಸ್ ಹೀಗೆ ಮಾಡುವುದುಂಟಾ ಎಂದು ಕೇಳುವವರಿಗೆ ಬೆವರ್ಲಿ ಆಲಿಟ್ ಹೆಸರು ಗೊತ್ತಿರಬೇಕು. 1991ರಲ್ಲಿ ಅದೇ ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ ಎರಡು ತಿಂಗಳೊಳಗೆ ನಾಲ್ಕು ಮಕ್ಕಳನ್ನು ಕೊಂದಳು. ಅಲ್ಲೂ ಇನ್ಸುಲಿನ್. ಲೂಸಿಯಾ ಡೆ ಬರ್ಕ್ ಕಥೆ ಹೇಳುವವರು ಈ ಕಥೆಯನ್ನು ಬಿಟ್ಟುಬಿಡುತ್ತಾರೆ.

ನನ್ನ ಸಿಟ್ಟು ತಜ್ಞರ ಮೇಲಲ್ಲ. ಲೆಟ್‌ಬಿ ಮುಗ್ಧೆ ಅಂತ ಬ್ಯಾನರ್ ಹಿಡಿದವರ ಮೇಲೆ. ಆ ಅಪ್ಪ ಅಮ್ಮಂದಿರಿಗೆ ಹೆಸರಿಲ್ಲ, ಮುಖವಿಲ್ಲ, ಕಾನೂನು ಅದನ್ನು ಮುಚ್ಚಿಟ್ಟಿದೆ. ಹಾಗಾಗಿ ಟಿವಿಯಲ್ಲಿ ಬಂದು ವಾದ ಮಾಡುವವರು ಬರೀ ಒಂದು ಕಡೆಯವರು. ತಮ್ಮ ಕೂಸಿನ ಫೈಲು ಯಾವುದೋ ದೇಶದ ಡಾಕ್ಟರು ಓದಿ ಪತ್ರಿಕಾಗೋಷ್ಠಿಯಲ್ಲಿ ಇದು ಆಸ್ಪತ್ರೆಯ ಎಡವಟ್ಟು ಎಂದದ್ದನ್ನು ಅವರು ನಮ್ಮ ಹಾಗೇ ಟಿವಿಯಲ್ಲಿ ನೋಡಬೇಕು. ಕಮಿಷನ್ ಅರ್ಜಿ ಓದಲಿ, ಅದು ಅದರ ಕೆಲಸ. ಆದರೆ ಗದ್ದಲ ಜಾಸ್ತಿ ಆಯಿತು ಅನ್ನುವುದು ಕೇಸನ್ನು ಮೇಲಕ್ಕೆ ಕಳಿಸಲು ಕಾರಣ ಆಗಬಾರದು. ಕೋರ್ಟಿಗೆ ಹೋದರೆ ಮತ್ತೆ ಆ ಅವಳಿಗಳ ತಾಯಿ ಬರಬೇಕು. ಎಷ್ಟು ಗಂಟೆಗೆ ಹಾಲು ತಂದಿರಿ, ಎಷ್ಟು ಗಂಟೆಗೆ ಫೋನ್ ಮಾಡಿದಿರಿ, ಸರಿಯಾಗಿ ನೆನಪಿದೆಯಾ ಎಂದು ಇನ್ನೊಬ್ಬ ವಕೀಲರು ಕೇಳುತ್ತಾರೆ. ಆಕೆ ಮತ್ತೆ 9.11 ಎನ್ನಬೇಕು.